ಕತ್ತಲಲ್ಲಿ ಎಣಿಸಿದವರು

ಪರಮಾಣುವಿನ ನಡುವೆ ಬೀಜಕೇಂದ್ರವೊಂದಿದೆ ಎಂಬುದನ್ನು ಇಂದು ಪ್ರೌಢಶಾಲೆಯ ಮಕ್ಕಳೂ ಬಲ್ಲರು. ಆ ಪಾಠದ ಹಿಂದಿರುವ ದುಡಿಮೆಯನ್ನು ಅರಿತವರು ವಿರಳ.

1909ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ ಅರ್ನೆಸ್ಟ್ ರುದರ್‌ಫರ್ಡರ ಮಾರ್ಗದರ್ಶನದಲ್ಲಿ ಇಬ್ಬರು ದುಡಿಯುತ್ತಿದ್ದರು: ಜರ್ಮನಿಯಿಂದ ಬಂದ ಹಾನ್ಸ್ ಗೈಗರ್ ಮತ್ತು ಪದವಿಯನ್ನೂ ಮುಗಿಸದ ಇಪ್ಪತ್ತರ ತರುಣ ಅರ್ನೆಸ್ಟ್ ಮಾರ್ಸ್‌ಡನ್. ವಿಕಿರಣಶೀಲ ಪದಾರ್ಥಗಳು ಸೂಸುವ ಆಲ್ಫಾ ಕಣಗಳು ಲೋಹದ ಹಾಳೆಯನ್ನು ತಾಗಿದಾಗ ಹೇಗೆ ಚದರುತ್ತವೆಂದು ನೋಡುವುದು ಅವರ ಕೆಲಸ. ಧನವಿದ್ಯುತ್ತು ಸಮನಾಗಿ ಹರಡಿದ ಗೋಲದೊಳಗೆ ಇಲೆಕ್ಟ್ರಾನುಗಳು ಹುದುಗಿವೆ ಎಂಬ ಜೆ. ಜೆ. ಥಾಮ್ಸನ್ನರ ಕಲ್ಪನೆ ಆಗ ಪ್ರಬಲವಾಗಿತ್ತು. ಅದು ನಿಜವಾದರೆ ಕಣಗಳು ತುಸು ಬಾಗಿ ಮುಂದೆ ಸಾಗಬೇಕು. ಯಾವುದಾದರೂ ಹಿಂದಕ್ಕೆ ಪುಟಿಯುವುದೇ ಎಂದು ಪರೀಕ್ಷಿಸುವಂತೆ ರುದರ್‌ಫರ್ಡರು ಸೂಚಿಸಿದರು; ಪುಟಿದೀತೆಂಬ ನಿರೀಕ್ಷೆ ಅವರಿಗೇ ಇರಲಿಲ್ಲ.

ಈ ಕಾರ್ಯಕ್ಕೆ ಅವರು ನೆಚ್ಚಿದ್ದು ಬರಿಗಣ್ಣಿನ ಎಣಿಕೆಯನ್ನು. ಸತುವಿನ ಸಲ್ಫೈಡ್ ಲೇಪಿಸಿದ ಪರದೆಗೆ ಕಣ ಬಡಿದಾಗ ಕ್ಷಣಮಾತ್ರ ಕ್ಷೀಣವಾದ ಮಿನುಗು ಕಾಣಿಸುತ್ತದೆ. ಕತ್ತಲ ಕೋಣೆಯಲ್ಲಿ ಕುಳಿತು, ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ, ಸೂಕ್ಷ್ಮದರ್ಶಕದ ಮೂಲಕ ಆ ಮಿನುಗುಗಳನ್ನು ಒಂದೊಂದಾಗಿ ಎಣಿಸಬೇಕು. ಗೈಗರ್ ಇದರಲ್ಲಿ ಅಸಾಧ್ಯ ತಾಳ್ಮೆಯವರು. ಗುರುಗಳಾದ ರುದರ್‌ಫರ್ಡರೋ ಎರಡು ನಿಮಿಷಗಳಲ್ಲಿ ಬೈದುಕೊಂಡು ಎದ್ದುಬಿಡುವವರು!

ಪ್ಲಾಟಿನಂ ತಗಡಿಗೆ ಬಡಿದ ಸುಮಾರು 8,000 ಕಣಗಳಲ್ಲಿ ಒಂದು ಹಿಂದಕ್ಕೆ ಪುಟಿದಿತ್ತು. ಲೆಕ್ಕದ ತಪ್ಪೆಂದು ಬದಿಗಿಡಬಹುದಾದಷ್ಟು ಅಲ್ಪ ಸಂಖ್ಯೆ. ಆದರೆ ಆ ಒಂದು ಕಣಕ್ಕೆ ಥಾಮ್ಸನ್ನರ ಕಲ್ಪನೆಯಲ್ಲಿ ಎಡೆಯೇ ಇರಲಿಲ್ಲ. ಪರಮಾಣುವಿನ ದ್ರವ್ಯರಾಶಿಯ ಬಹುಪಾಲು ಅತಿ ಸಣ್ಣದೊಂದು ವಿದ್ಯುತ್ಕೇಂದ್ರದಲ್ಲಿ ಅಡಕವಾಗಿದೆ, ಉಳಿದದ್ದು ಬಹುಮಟ್ಟಿಗೆ ಬಯಲು ಎಂದು ರುದರ್‌ಫರ್ಡರು 1911ರಲ್ಲಿ ವಿವರಿಸಿದರು. ಕೇಂದ್ರದ ವಿದ್ಯುತ್ತು ಧನವೋ ಋಣವೋ ಎಂಬುದನ್ನು ಅಂದು ಅವರು ಇತ್ಯರ್ಥಗೊಳಿಸಲಿಲ್ಲ. ಅವರ ಸೂತ್ರವನ್ನು ಒರೆಗೆ ಹಚ್ಚಲು ಗೈಗರ್ ಮತ್ತು ಮಾರ್ಸ್‌ಡನ್ ಎಣಿಸಿದ ಮಿನುಗುಗಳು ಒಂದು ಲಕ್ಷಕ್ಕೂ ಅಧಿಕ. ಫಲಿತಾಂಶ 1913ರಲ್ಲಿ ಪ್ರಕಟವಾಯಿತು.

ಮರುವರ್ಷವೇ ಮಹಾಯುದ್ಧ. ಒಂದೇ ಕತ್ತಲ ಕೋಣೆಯಲ್ಲಿ ಕುಳಿತಿದ್ದವರಲ್ಲಿ ಗೈಗರ್ ಜರ್ಮನ್ ಫಿರಂಗಿದಳದ ಅಧಿಕಾರಿಯಾದರು. ಮಾರ್ಸ್‌ಡನ್ ಎದುರು ಪಾಳೆಯದವರಾಗಿ ಫ್ರಾನ್ಸಿನ ರಣಭೂಮಿಗೆ ಹೋದರು. ಅದೇ ಪ್ರಯೋಗಾಲಯದ ಪ್ರತಿಭಾವಂತ ಹೆನ್ರಿ ಮೋಸ್ಲಿ 1915ರ ಆಗಸ್ಟಿನಲ್ಲಿ, 27ರ ಹರೆಯದಲ್ಲಿ, ಗಲಿಪೋಲಿಯಲ್ಲಿ ಗುಂಡಿಗೆ ಬಲಿಯಾದರು. ಗೈಗರ್ ಬಳಿ ಕಲಿಯಲು ಬರ್ಲಿನ್ನಿಗೆ ತೆರಳಿದ್ದ ಮ್ಯಾಂಚೆಸ್ಟರಿನ ಇನ್ನೊಬ್ಬ ಶಿಷ್ಯ ಜೇಮ್ಸ್ ಚಾಡ್ವಿಕ್ ಶತ್ರುದೇಶದವರೆಂದು ಸೆರೆಯಾಗಿ, ರೂಲೇಬೆನ್ ಪಂದ್ಯದ ಮೈದಾನದ ಕುದುರೆಲಾಯದಲ್ಲಿ ಯುದ್ಧ ಮುಗಿಯುವವರೆಗೂ ಕಳೆದರು. ಬೀಜಕೇಂದ್ರದೊಳಗಿನ ನ್ಯೂಟ್ರಾನನ್ನು 1932ರಲ್ಲಿ ಕೇಂಬ್ರಿಜ್ಜಿನಲ್ಲಿ ಪತ್ತೆಹಚ್ಚಿದವರು ಈ ಚಾಡ್ವಿಕ್ಕರೇ.