ಆರು ಸೀಳಿನ ಬಾಣ



1978ನೆಯ ಇಸವಿಯಿರಬೇಕು. ಏಳನೆಯ ತರಗತಿಗೆ ಅಲೆಗ್ಸಾಂಡರನ ದಂಡಯಾತ್ರೆಯ ಪಾಠ ಮಾಡುತ್ತಿದ್ದೆ. ಕ್ರಿ.ಪೂ. 326ರಲ್ಲಿ ಝೇಲಂ ನದಿಯ ದಡದಲ್ಲಿ ನಡೆದ ಯುದ್ಧದ ಸಂದರ್ಭ. ಭಾರತದ ಬಿಲ್ಲಾಳುಗಳು ಆಳೆತ್ತರದ ಬಿಲ್ಲನ್ನು ನೆಲಕ್ಕೂರಿ, ಎಡಗಾಲಿನಿಂದ ಅದುಮಿ, ಮೂರು ಮೊಳಕ್ಕೆ ತುಸು ಕಡಮೆಯಾದ ಬಾಣವನ್ನು ಎಳೆಯುತ್ತಿದ್ದರೆಂಬ ಗ್ರೀಕರ ವರ್ಣನೆಯನ್ನು ಕೈಯಲ್ಲಿದ್ದ ಕೋಲಿನಿಂದಲೇ ಅಭಿನಯಿಸಿ ತೋರಿಸಿದೆ. ಹಿಂದಿನ ಸಾಲಿನಿಂದ ಮೇದರ ಕೇರಿಯ ಹುಡುಗನೊಬ್ಬ ಎದ್ದು ನಿಂತು, “ಸಾರ್, ಅಷ್ಟೊಂದು ಬಾಣ ಯಾರು ಮಾಡ್ಕೊಡ್ತಿದ್ರು?” ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು. “ಅದು ಪಾಠದಲ್ಲಿಲ್ಲ, ಕುಳಿತುಕೋ” ಎಂದೆ. ನಾನೂ ನಕ್ಕಿದ್ದೆನೆಂಬುದನ್ನು ಈಗ ಒಪ್ಪಿಕೊಳ್ಳಲೇಬೇಕು.

ನಿವೃತ್ತನಾದ ಮೇಲೆ ಬಾಣದ ಚರಿತ್ರೆಯನ್ನು ಓದತೊಡಗಿದ್ದು ಆ ಪ್ರಶ್ನೆಯ ದೆಸೆಯಿಂದಲೇ. ಸಂಸ್ಕೃತದ ‘ಶರ’ ಶಬ್ದಕ್ಕೆ ಜೊಂಡು ಎಂಬ ಅರ್ಥವೂ ಇದೆ, ಬಾಣವೆಂಬ ಅರ್ಥವೂ ಇದೆ. ಮೊದಲ ಬಾಣಗಳು ನದೀತೀರದಲ್ಲಿಯೇ ಬೆಳೆದು ನಿಂತಿದ್ದವೆಂದು ಈ ಒಂದು ಶಬ್ದವೇ ಹೇಳುತ್ತದೆ. ಜಪಾನಿನವರು ಬಿದಿರನ್ನೂ ಮರವನ್ನೂ ಪದರಪದರವಾಗಿ ಅಂಟಿಸಿ, ಎರಡು ಮೀಟರಿಗೂ ಮಿಗಿಲಾದ ಬಿಲ್ಲನ್ನು ಮಾಡುತ್ತಾರೆ. ಅವರ ಸಾಂಪ್ರದಾಯಿಕ ಬಾಣ ಮಾತ್ರ ಇಡೀ ಬಿದಿರಿನದು. ಚಳಿಗಾಲದಲ್ಲಿ ಕಡಿದು, ಒಣಗಿಸಿ, ಕೆಂಡದ ಮೇಲೆ ಕಾಸಿ ನೆಟ್ಟಗೆ ಮಾಡಿದ್ದು. ಕ್ಯೋಟೋ ನಗರದ ಸಾಂಜೂಸಾಂಗೆಂದೋ ಮಂದಿರದ ಸುಮಾರು 120 ಮೀಟರ್ ಉದ್ದದ ಜಗಲಿಯಲ್ಲಿ, 1686ರಲ್ಲಿ, ವಾಸಾ ದೈಹಾಚಿರೋ ಎಂಬಾತ ಒಂದು ಹಗಲು ಒಂದು ರಾತ್ರಿಯಲ್ಲಿ 13,053 ಸಲ ಬಾಣ ಬಿಟ್ಟು, 8,133 ಸಲ ಜಗಲಿಯ ಆ ತುದಿಯನ್ನು ಮುಟ್ಟಿಸಿದ. ಲೆಕ್ಕ ಎಷ್ಟು ಕರಾರುವಾಕ್ಕು ನೋಡಿ! ನಾನು ಓದಿದ ವಿವರಣೆಗಳಲ್ಲಿ ಬಾಣ ಮಾಡಿಕೊಟ್ಟವನ ಹೆಸರು ಮಾತ್ರ ಎಲ್ಲಿಯೂ ಇರಲಿಲ್ಲ.

ಇಡೀ ಬಿದಿರಿನ ಬಾಣಕ್ಕೆ ಒಂದು ತೊಡಕುಂಟು. ಒಂದರಂತೆ ಇನ್ನೊಂದು ಬೆಳೆಯುವುದಿಲ್ಲ. ಬಾಣವನ್ನು ಬಿಟ್ಟಾಗ ಅದು ನೆಟ್ಟಗೆ ಹಾರುವುದಿಲ್ಲ. ಬಿಲ್ಲಿನ ಹಿಡಿಯನ್ನು ಬಳಸಿಕೊಂಡು ಬಾಗಿ, ಅತ್ತಿತ್ತ ತೂಗಿ, ಆಮೇಲೆ ನೇರವಾಗುತ್ತದೆ. ಆದ್ದರಿಂದ ಅದರ ಬಿಗುವು ಬಿಲ್ಲಿನ ಬಲಕ್ಕೆ ಹೊಂದಬೇಕು, ಬತ್ತಳಿಕೆಯ ಬಾಣಗಳ ಬಿಗುವೆಲ್ಲ ಒಂದೇ ಆಗಿರಬೇಕು. ಇದಕ್ಕೆ ಕಂಡುಕೊಂಡ ಒಂದು ಉಪಾಯವೇ ಸೀಳಿ ಅಂಟಿಸಿದ ಬಾಣ. ಚೆನ್ನಾಗಿ ಒಣಗಿದ ಒಂದೇ ಬಿದಿರಿನಿಂದ ತೆಳುವಾದ ದಬ್ಬೆಗಳನ್ನು ಸೀಳುತ್ತಾರೆ. ಗೆಣ್ಣುಗಳನ್ನು ಕಾಸಿ, ಒತ್ತಿ ಸಮಮಾಡುತ್ತಾರೆ. ಬಳಿಕ ಪ್ರತಿಯೊಂದು ದಬ್ಬೆಯನ್ನೂ ಲೋಹದ ಅಚ್ಚಿನ ಗಾಡಿಯಲ್ಲಿಟ್ಟು, ಮೂರು ಮೂಲೆಯೂ 60 ಡಿಗ್ರಿ ಬರುವಂತೆ ಉಜ್ಜುಗೊರಡಿನಿಂದ ಹೆರೆಯುತ್ತಾರೆ. ಸುಮಾರು 8 ಮಿಲಿಮೀಟರ್ ದಪ್ಪದ ಬಾಣಕ್ಕೆ ಒಂದೊಂದು ಸೀಳಿನ ಎತ್ತರ 4 ಮಿಲಿಮೀಟರ್ ಮಾತ್ರ. ಹೆರೆಯುವುದು ಒಳಗಿನ ಎರಡು ಮುಖಗಳನ್ನಷ್ಟೇ. ಬಿದಿರಿನ ಬಲವೆಲ್ಲ ಇರುವುದು ಸಿಪ್ಪೆಯ ಅಡಿಯಲ್ಲಿ ಒತ್ತಾಗಿರುವ ನಾರಿನಲ್ಲಿ. ಆ ಹೊರಮುಖವನ್ನು ಹೆರೆದವನು ಬಿದಿರನ್ನೇ ಹಾಳುಮಾಡಿದಂತೆ. ಆರು ಸೀಳುಗಳ ಗೆಣ್ಣುಗಳು ಒಂದೇ ಕಡೆ ಕೂಡದಂತೆ ಹಿಂದುಮುಂದಾಗಿ ಜೋಡಿಸಿ, ಅಂಟು ಹಚ್ಚಿ, ಉದ್ದಕ್ಕೂ ದಾರ ಬಿಗಿದು ಸುತ್ತಿ ಒಣಗಲು ತೂಗುಹಾಕುತ್ತಾರೆ. ಒಣಗಿದ ಮೇಲೆ ದಾರ ಬಿಚ್ಚಿ, 26 ಅಂಗುಲ ಅಂತರದ ಎರಡು ಆಧಾರಗಳ ಮೇಲಿಟ್ಟು, ನಡುವೆ 2 ಪೌಂಡಿನ ತೂಕವನ್ನು ನೇತುಹಾಕಿ ಎಷ್ಟು ಬಾಗಿತೆಂದು ಅಳೆಯುತ್ತಾರೆ. ಗರಿ, ಮೊನೆ, ಹೆದೆಗೆ ಸಿಕ್ಕಿಸುವ ಕಚ್ಚು ಇವೆಲ್ಲ ಆಮೇಲೆ.

ಇದು ಗಾಳದ ಕೋಲಿನ ಕಸುಬಿನಿಂದ ಬಂದ ವಿದ್ಯೆ. 1840ರ ದಶಕದಲ್ಲಿ ಪೆನ್ಸಿಲ್ವೇನಿಯಾದ ಈಸ್ಟನ್ ಎಂಬ ಊರಿನ ಬಂದೂಕು ತಯಾರಕ ಸ್ಯಾಮ್ಯುಯೆಲ್ ಫಿಲಿಪ್ ಬಿದಿರನ್ನು ಸೀಳಿ ಅಂಟಿಸಿದನೆಂದು ಅಮೆರಿಕದ ಪುಸ್ತಕಗಳು ಗೌರವದಿಂದ ಬರೆಯುತ್ತವೆ. ಆದರೆ ಆ ಕಾಲದ ಬಿದಿರು ಯಾವುದು? ‘ಕಲ್ಕತ್ತಾ ಬಿದಿರು’! ನಮ್ಮ ದೇಶದ ಕಾಡಿನದು. ನಮ್ಮಲ್ಲಿ ಗಂಡು ಬಿದಿರೆನ್ನುವ ಜಾತಿಯೇ ಅದೆಂದು ಸಾಮಾನ್ಯವಾಗಿ ಗುರುತಿಸುತ್ತಾರೆ. ಕಲ್ಕತ್ತಾ ಎಂಬುದು ಹಡಗು ಹೊರಟ ಬಂದರಿನ ಹೆಸರು, ಬಿದಿರು ಬೆಳೆದ ನೆಲದ್ದಲ್ಲ. ಆ ಬಿದಿರಿನ ಮೇಲೆ ಬೆಂಕಿ ತಾಗಿಸಿದ ಕಪ್ಪು ಕಲೆಗಳಿರುತ್ತಿದ್ದವು. ಕಾಡಿನಲ್ಲಿ ಅದನ್ನು ಕಡಿದು ಸುಟ್ಟವರಿಂದ ಉಳಿದ ಸಹಿ ಅದೊಂದೇ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದರ ಸ್ಥಾನಕ್ಕೆ ‘ಟಾಂಕಿನ್ ಬಿದಿರು’ ಬಂದಿತು. ಇದೂ ತಪ್ಪು ಹೆಸರೇ. ಟಾಂಕಿನ್ ಇರುವುದು ವಿಯೆಟ್ನಾಮಿನ ಉತ್ತರದಲ್ಲಿ. ಬಿದಿರು ಬೆಳೆಯುವುದು ಚೀನಾದ ಗುವಾಂಗ್‌ಡಾಂಗ್ ಪ್ರಾಂತದಲ್ಲಿ. ಮೆಕ್ಲೂರ್ ಎಂಬ ಸಸ್ಯವಿಜ್ಞಾನಿ ಅದಕ್ಕೆ ‘ಅಮಾಬಿಲಿಸ್’, ಅಂದರೆ ‘ಮುದ್ದಾದದ್ದು’, ಎಂದು ಹೆಸರಿಟ್ಟ. 1939ರಲ್ಲಿ ಡಗ್ ಈಸ್ಟನ್ ಅಲ್ಯೂಮಿನಿಯಂ ಬಾಣ ಮಾಡಿದ (ಮೇಲಿನ ಊರಿಗೂ ಈತನಿಗೂ ಹೆಸರೊಂದೇ ಸಾಮ್ಯ). 1950ರ ಕೊನೆಯಲ್ಲಿ ಅಮೆರಿಕ ಚೀನಾದೊಡನೆ ವ್ಯಾಪಾರ ನಿಲ್ಲಿಸಿದಾಗ ಟಾಂಕಿನ್ ಬಿದಿರೂ ಅಲ್ಲಿಗೆ ಬರುವುದು ನಿಂತಿತು. ಇಂದು ಆರು ಸೀಳಿನ ಬಾಣವನ್ನು ಹಳೆಯ ಮಾದರಿಯ ಬಿಲ್ಲುಗಾರಿಕೆಯ ಅಭಿಮಾನಿಗಳು ಮನೆಯಲ್ಲಿ ಒಂದೊಂದಾಗಿ ಮಾಡಿಕೊಳ್ಳುತ್ತಾರೆ.

ನಮ್ಮ ನಾಡಿನಲ್ಲಿ ಹನ್ನೆರಡನೆಯ ಶತಮಾನದ ಮೇದರ ಕೇತಯ್ಯನ ಹೆಸರಾದರೂ ಉಳಿದಿದೆ. ವಚನ ಬರೆದದ್ದರಿಂದ ಉಳಿಯಿತು, ಬುಟ್ಟಿ ಹೆಣೆದದ್ದರಿಂದಲ್ಲ. ಶಾಲೆಯಲ್ಲಿ ನಾನು ಇದನ್ನೂ ಹೇಳಲಿಲ್ಲ. ಆ ಹುಡುಗನೆದುರು ಹೇಳಬಹುದಾಗಿತ್ತು.

ಅವನು ಏಳನೆಯ ತರಗತಿಯ ನಂತರ ಶಾಲೆಗೆ ಬರಲಿಲ್ಲ. ತಂದೆಯೊಡನೆ ಸಂತೆಗೆ ಮೊರ, ಬುಟ್ಟಿ ಹೊತ್ತು ಹೋಗುವುದನ್ನು ಒಂದೆರಡು ಸಲ ಕಂಡಿದ್ದೆ. ಒಮ್ಮೆ ದಾರಿಯಲ್ಲೇ ಕುಳಿತು ದಬ್ಬೆ ಸೀಳುತ್ತಿದ್ದ. ಗೆಣ್ಣಿನ ಬಳಿ ಕತ್ತಿಯನ್ನು ತುಸು ತಿರುಗಿಸಿದ. ಸೀಳು ದಾರಿ ತಪ್ಪದೆ ತುದಿಯವರೆಗೂ ಹೋಯಿತು. ನನ್ನನ್ನು ನೋಡಿ ಎದ್ದು ನಿಂತು ನಮಸ್ಕಾರ ಹೇಳಿದ. ಆ ತರಗತಿಯಲ್ಲಿದ್ದವರಿಗೆ ಅವನು ಈಗ ಎಲ್ಲಿರುವನೆಂದು ಗೊತ್ತಿದ್ದರೆ ದಯವಿಟ್ಟು ನನಗೊಂದು ಮಾತು ತಿಳಿಸಿ.