ಮಾತಾಡೋ ಮರ, ಲೆಕ್ಕ ಹಾಕೋ ಕೈ

(1/6)
ಕನ್ನಡ ಪೀರಿಯಡ್‌ನಲ್ಲಿ ಲಘು-ಗುರು ಗುರುತಿಸಿ ಪ್ರಸ್ತಾರ ಹಾಕ್ತೀವಿ. ಮ್ಯಾತ್ಸ್ ಪೀರಿಯಡ್‌ನಲ್ಲಿ ಲ.ಸಾ.ಅ. ಕಂಡುಹಿಡೀತೀವಿ. ಎರಡಕ್ಕೂ ಬೇರೆ ಬೇರೆ ನೋಟ್‌ಬುಕ್, ಬೇರೆ ಬೇರೆ ಟೀಚರ್. ಆದರೆ ಡ್ರಮ್ ಬಾರಿಸೋರಿಗೆ ಇವೆರಡೂ ಒಂದೇ ಕೈಯ ಕೆಲಸ. ಹೇಗೆ ಅಂತ ನೋಡೋಣ, ಸ್ವೈಪ್ ಮಾಡಿ.

(2/6)
ಆಫ್ರಿಕಾದ ಕಾಂಗೋ ನದಿ ದಂಡೆ, ಕಿಸಂಗಾನಿ ನಗರದ ಸುತ್ತಮುತ್ತ. ಇಲ್ಲಿನ ಲೊಕೆಲೆ ಜನರ ಡ್ರಮ್‌ಗೆ ಚರ್ಮವೇ ಇಲ್ಲ. ದಪ್ಪ ಮರದ ದಿಮ್ಮಿ, ಮೇಲೆ ಉದ್ದಕ್ಕೊಂದು ಸೀಳು, ಒಳಗೆಲ್ಲ ಟೊಳ್ಳು. ಸೀಳಿನ ಒಂದು ಅಂಚಿಗೆ ಹೊಡೆದರೆ ಏರು ದನಿ, ಇನ್ನೊಂದಕ್ಕೆ ಹೊಡೆದರೆ ಇಳಿ ದನಿ. ಅವರ ಭಾಷೆಯಲ್ಲೂ ಪ್ರತಿ ಅಕ್ಷರಕ್ಕೆ ಏರು ಅಥವಾ ಇಳಿ ದನಿ ಇರುತ್ತೆ. ದನಿ ಬದಲಾದರೆ ಅರ್ಥವೇ ಬದಲು. ಡ್ರಮ್ ನುಡಿಸೋದು ಆ ದನಿಯನ್ನ ಮಾತ್ರ.

ಇಲ್ಲೊಂದು ಸಮಸ್ಯೆ ಇದೆ. ಅವರ ಭಾಷೆಯಲ್ಲಿ 'ಚಂದ್ರ'ನೂ ಏರು-ಏರು, 'ಕೋಳಿ'ಯೂ ಏರು-ಏರು! ಹಾಗಾಗಿ ಡ್ರಮ್ ಬರೀ 'ಚಂದ್ರ' ಅನ್ನಲ್ಲ, 'ಮೇಲಿಂದ ಭೂಮಿಯನ್ನ ನೋಡೋ ಚಂದ್ರ' ಅನ್ನುತ್ತೆ. ಕೋಳಿ ಆದರೆ 'ಕಿಯೋಕಿಯೋ ಅನ್ನೋ ಪುಟ್ಟ ಕೋಳಿ'. ಇದರ ಹಿಂದೆ ಲೆಕ್ಕ ಇದೆ: 2 ಅಕ್ಷರಕ್ಕೆ 4 ದನಿ-ಜೋಡಣೆ ಮಾತ್ರ ಸಾಧ್ಯ, 10 ಅಕ್ಷರಕ್ಕೆ 1024. ಸಾಲು ಉದ್ದವಾದಷ್ಟೂ ಗೊಂದಲ ಕಡಿಮೆ.

1938ರಲ್ಲಿ ಕಾಂಗೋಗೆ ಹೋದ ಇಂಗ್ಲಿಷ್ ಮಿಷನರಿ ಜಾನ್ ಕ್ಯಾರಿಂಗ್ಟನ್ ಈ ಭಾಷೆ ಕಲಿತು 1949ರಲ್ಲಿ ಪುಸ್ತಕ ಬರೆದರು. ಅವರ ಅಂದಾಜಿನಲ್ಲಿ ಡ್ರಮ್ ಮಾತು ಬಾಯಿಮಾತಿಗಿಂತ ಸುಮಾರು 8 ಪಟ್ಟು ಉದ್ದ. ನಮ್ಮ ಹಳ್ಳಿಗಳ ಡಂಗುರದಲ್ಲಿ ತಮಟೆ ಜನರನ್ನ ಕರೆಯುತ್ತೆ, ಸುದ್ದಿ ಬಾಯಿ ಹೇಳುತ್ತೆ. ಅಲ್ಲಿ ಸುದ್ದಿಯನ್ನೂ ಡ್ರಮ್ಮೇ ಹೇಳುತ್ತೆ.

(3/6)
ಡ್ರಮ್‌ಗೆ ಇಷ್ಟು ಶಕ್ತಿ ಇದೆ ಅಂತ ಗೊತ್ತಾದವರು ಹೆದರಿದರು ಕೂಡ. 1739ರಲ್ಲಿ ಅಮೆರಿಕದ ಸೌತ್ ಕ್ಯಾರೊಲಿನಾದ ಸ್ಟೋನೋ ನದಿ ಹತ್ತಿರ, ಗುಲಾಮರಾಗಿದ್ದ ಆಫ್ರಿಕನ್ನರು ಡ್ರಮ್ ಬಾರಿಸ್ತಾ ದಂಗೆ ಎದ್ದರು. ದಂಗೆಯನ್ನ ಹತ್ತಿಕ್ಕಲಾಯ್ತು. 1740ರ ಕಾನೂನು ಗುಲಾಮರ ಕೈಗೆ ಡ್ರಮ್ ಸಿಗದಂತೆ ಮಾಡಿತು. ಅದೇ ಕಾನೂನಿನಲ್ಲಿ ಅವರಿಗೆ ಬರವಣಿಗೆ ಕಲಿಸೋದೂ ಅಪರಾಧ. ಡ್ರಮ್ಮೂ ಪೆನ್ನೂ ಒಂದೇ ಪಟ್ಟಿಯಲ್ಲಿ!

(4/6)
ಈಗ ಪಶ್ಚಿಮ ಆಫ್ರಿಕಾದ ಘಾನಾಗೆ ಬನ್ನಿ. ಎವೆ ಜನರ ಅಗ್ಬೆಕೋರ್ ಹಿಂದೆ ಯುದ್ಧಕ್ಕೆ ಸೇರಿದ್ದ ಕುಣಿತ. ಡ್ರಮ್‌ಗಳ ಜೊತೆ ಒಂದು ಕಬ್ಬಿಣದ ಗಂಟೆ ಇರುತ್ತೆ. 12 ಎಣಿಕೆಯಲ್ಲಿ ಅದರ ಪೆಟ್ಟು 7: 2-2-1-2-2-2-1. ಅದೇ 12ನ್ನ ಒಬ್ಬರು ಮೂರು ಮೂರಾಗಿ, ಇನ್ನೊಬ್ಬರು ಎರಡೆರಡಾಗಿ ಎಣಿಸಬಹುದು. ಪ್ರತಿ 6ಕ್ಕೊಮ್ಮೆ ಇಬ್ಬರೂ ಒಂದೇ ಕಡೆ ಸೇರ್ತಾರೆ. 2 ಮತ್ತು 3ರ ಲ.ಸಾ.ಅ. ಎಷ್ಟು? ಅದೇ 6.

(5/6)
ನಮ್ಮ ಮೃದಂಗದಲ್ಲೂ ಇದೇ ಆಟ. ಮೊದಲು ಬಾಯಲ್ಲಿ ಹೇಳು, ಆಮೇಲೆ ಕೈಯಲ್ಲಿ ನುಡಿಸು. ತಕಿಟ ಅಂದರೆ 3, ತಕಧಿಮಿ 4, ತಕತಕಿಟ 5. ಆದಿತಾಳಕ್ಕೆ 8 ಎಣಿಕೆ. ಎಣಿಕೆಗೊಂದು ಅಕ್ಷರದಂತೆ 'ತಕಿಟ' ಹೇಳ್ತಾ ಹೋಗಿ. 24ನೇ ಎಣಿಕೆಗೆ, ಅಂದರೆ 3 ಆವರ್ತನ ಮುಗಿದಾಗ ಸರಿಯಾಗಿ ಕೂರುತ್ತೆ.

ಪ್ರಸ್ತಾರಕ್ಕೂ ಹೀಗೇ ಒಂದು ಲೆಕ್ಕ ಇದೆ. ಲಘು 1 ಮಾತ್ರೆ, ಗುರು 2. 3 ಮಾತ್ರೆಯನ್ನ 3 ಥರ ತುಂಬಬಹುದು, 4 ಮಾತ್ರೆಯನ್ನ 5 ಥರ, 5 ಮಾತ್ರೆಯನ್ನ 8 ಥರ. ಹಿಂದಿನ ಎರಡು ಸಂಖ್ಯೆ ಕೂಡಿದರೆ ಮುಂದಿನದು. ಛಂದಸ್ಸಿನ ಪಂಡಿತ ವಿರಹಾಂಕ ಇದನ್ನ ಹೇಳಿದ್ದ, 12ನೇ ಶತಮಾನದಲ್ಲಿ ಹೇಮಚಂದ್ರನೂ ಹೇಳಿದ. ಇಟಲಿಯ ಫಿಬೊನಾಚಿಯ ಪುಸ್ತಕ ಬಂದದ್ದು 1202ರಲ್ಲಿ. ಪ್ರಪಂಚ ಈ ಸಂಖ್ಯೆಗಳನ್ನ ಕರೆಯೋದು ಮಾತ್ರ ಅವನ ಹೆಸರಲ್ಲಿ!

(6/6)
ಇದೆಲ್ಲ ಕೇಳಿ 'ಹಾಗಾದ್ರೆ ಸ್ಕೂಲಿಗೆ ಡ್ರಮ್ ತನ್ನಿ' ಅನ್ಸುತ್ತೆ ಅಲ್ವಾ? ತರಲಿ. ಆದರೆ ಒಂದು ಮಾತು ನೆನಪಿರಲಿ. ಸ್ಕೂಲಿಗೆ ಹೋಗೋ ಹುಡುಗರು ಡ್ರಮ್ ಭಾಷೆ ಕಲೀತಿಲ್ಲ, ತಮ್ಮ ಡ್ರಮ್ ಹೆಸರೇ ಅವರಿಗೆ ಗೊತ್ತಿಲ್ಲ ಅಂತ ಕ್ಯಾರಿಂಗ್ಟನ್ ಆಗಲೇ ಗಮನಿಸಿದ್ದರು. ಹೊಸ ಪಾಠ ಬಂತು, ಹಳೇ ಪಾಠ ಪಾಠವೇ ಅಲ್ಲ ಅನ್ನಿಸ್ಕೊಂಡಿತು. ನಮ್ಮಲ್ಲಿ ತಮಟೆ ಬಾರಿಸೋರನ್ನ ಜಾತಿ ಹೆಸರಲ್ಲಿ ದೂರ ಇಟ್ಟರು. ಅವರ ಕೈಲಿರೋ ಲೆಕ್ಕವನ್ನ ಯಾರೂ ಲೆಕ್ಕ ಅನ್ನಲಿಲ್ಲ.

ಅದಕ್ಕೇ, ಕ್ಲಾಸಿಗೆ ಡ್ರಮ್ ಬಂದರೆ ಬಾರಿಸೋರೂ ಬರಬೇಕು ಕಣ್ರೋ. ಒಂದಿನದ 'ಆಕ್ಟಿವಿಟಿ'ಗೆ ಅಲ್ಲ, ಮೇಷ್ಟ್ರಾಗಿ.

ಈಗ ನಿಮ್ಮ ಸರದಿ: 6 ಮಾತ್ರೆಯನ್ನ ಲಘು-ಗುರುಗಳಿಂದ ಎಷ್ಟು ಥರ ತುಂಬಬಹುದು? ಮೊದಲು ಚಪ್ಪಾಳೆ ತಟ್ಟಿ ನೋಡಿ, ಆಮೇಲೆ ಕಾಮೆಂಟ್ ಹಾಕಿ 🥁

#ಇತಿಹಾಸ #ತಾಳದಲ್ಲಿಲೆಕ್ಕ #ಕನ್ನಡದಲ್ಲಿಕಲಿ