ಗ್ರಾಹಕವನ್ನು ಅಳೆದ ಬಗೆ

ನಿಕೋಟಿನ್ ಮತ್ತು ಕ್ಯುರಾರೆಗಳು ಸ್ನಾಯುವಿನ ಮೇಲೆ ಪರಸ್ಪರ ವಿರುದ್ಧವಾಗಿ ವರ್ತಿಸುವುದನ್ನು ಕಂಡು, ಜೀವಕೋಶದಲ್ಲಿ ಔಷಧವನ್ನು ಗ್ರಹಿಸುವ ದ್ರವ್ಯವೊಂದು ಇರಲೇಬೇಕೆಂದು ಕೇಂಬ್ರಿಡ್ಜಿನ ಲ್ಯಾಂಗ್ಲಿ 1905ರಲ್ಲಿ ಪ್ರತಿಪಾದಿಸಿದ ಮೇಲೆಯೂ, ಆ ಗ್ರಾಹಕವು ದಶಕಗಳ ಕಾಲ ಅನುಮಾನಪ್ರಮಾಣದಿಂದ ಮಾತ್ರ ಸಿದ್ಧವಾದ ವಸ್ತುವಾಗಿಯೇ ಉಳಿದಿತ್ತು. ಅದನ್ನು ನೇರವಾಗಿ ಅಳೆಯುವ ಮಾರ್ಗವು ದೊರೆತುದು ಔಷಧದ ಅಣುವಿಗೆ ಗುರುತಾಗಿ ಸೇರಿಸಿದ ವಿಕಿರಣಶೀಲ ಪರಮಾಣುಗಳಿಂದ.

ಆದರೆ ಔಷಧದ ಅಣುಗಳು ಗ್ರಾಹಕಕ್ಕೆ ಮಾತ್ರವಲ್ಲ, ಮೇದಸ್ಸಿಗೂ ಗಾಜಿಗೂ ಅಂಟಿಕೊಳ್ಳುತ್ತವೆ. ಸ್ಟ್ಯಾನ್‌ಫರ್ಡಿನ ಗೋಲ್ಡ್‌ಸ್ಟೈನ್ 1971ರಲ್ಲಿ, ಅಫೀಮುಸದೃಶವಾದ ಲೆವೊರ್ಫನಾಲ್ ಅಣುವನ್ನೂ ಅದರ ನಿಷ್ಕ್ರಿಯ ಪ್ರತಿಬಿಂಬವನ್ನೂ ಹೋಲಿಸಿ ನಿಜವಾದ ಬಂಧವನ್ನು ಬೇರ್ಪಡಿಸುವ ಶುದ್ಧ ತರ್ಕವನ್ನು ಒದಗಿಸಿದರೂ, ಇಲಿಯ ಮಿದುಳಿನಲ್ಲಿ ಅವರಿಗೆ ದೊರೆತ ಅಂತಹ ಬಂಧವು ಒಟ್ಟು ಬಂಧದ ಶೇಕಡ 2ರಷ್ಟೇ.

1973ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದ ಕ್ಯಾಂಡೇಸ್ ಪರ್ಟ್ ಮತ್ತು ಸಾಲೊಮನ್ ಸ್ನೈಡರ್ ತರ್ಕವನ್ನು ಬದಲಿಸಲಿಲ್ಲ, ಕ್ರಮವನ್ನು ಬದಲಿಸಿದರು. ಟ್ರಿಶಿಯಂನಿಂದ ಪ್ರಬಲವಾಗಿ ಗುರುತಿಸಿದ, ಅಫೀಮಿನ ಪರಿಣಾಮವನ್ನು ತಡೆಯುವ ನಲಾಕ್ಸೋನನ್ನು ಮಿದುಳಿನ ಅಂಗಾಂಶದೊಡನೆ ಅತ್ಯಲ್ಪ ಪ್ರಮಾಣದಲ್ಲಿ ಬೆರೆಸಿ, ಮಿಶ್ರಣವನ್ನು ಗಾಜುನಾರಿನ ಶೋಧಕದ ಮೇಲೆ ಸುರಿದು, ತಣ್ಣನೆಯ ದ್ರಾವಣದಿಂದ ಕ್ಷಿಪ್ರವಾಗಿ ತೊಳೆದರು. ತಡಮಾಡಿದರೆ ನಿಜವಾದ ಬಂಧವೂ ಕಳಚುತ್ತಿತ್ತು, ಸಾಕಷ್ಟು ತೊಳೆಯದಿದ್ದರೆ ಸುಳ್ಳು ಬಂಧವು ಉಳಿಯುತ್ತಿತ್ತು. ಹೀಗೆ ಅಫೀಮಿನ ಗ್ರಾಹಕವನ್ನು ಕಂಡುಹಿಡಿದ ಆ ಶೋಧದ ಕೀರ್ತಿಯಲ್ಲಿ ಈ ತೊಳೆಯುವ ಕೌಶಲಕ್ಕೆ ದೊಡ್ಡ ಪಾಲು ಸಲ್ಲಬೇಕೆಂದು ನಾನು ದೃಢವಾಗಿ ನಂಬುತ್ತೇನೆ. ನ್ಯೂಯಾರ್ಕಿನ ಸೈಮನ್ನರೂ ಉಪ್ಸಾಲದ ಟೆರೇನಿಯಸ್ಸರೂ ಅದೇ ವರ್ಷ ಸ್ವತಂತ್ರವಾಗಿ ಅದೇ ಗ್ರಾಹಕವನ್ನು ಮುಟ್ಟಿದರು.

ಮುಂದೆ ದ್ರಾವಣದ ಸೋಡಿಯಂ ಕೂಡ ಮಾತನಾಡಿತು: ಅದನ್ನು ಸೇರಿಸಿದೊಡನೆ ನಲಾಕ್ಸೋನಿನಂತಹ ಪ್ರತಿರೋಧಕಗಳ ಬಂಧವು ಹೆಚ್ಚಿ, ಮಾರ್ಫಿನ್ನಿನಂತಹ ಪ್ರಚೋದಕಗಳದು ಕುಗ್ಗಿತು. ಹೀಗೆ ಬಂಧವನ್ನಳೆಯುವ ಪರೀಕ್ಷೆಯೇ ಗ್ರಾಹಕವು ಜೀವಕೋಶಕ್ಕೆ ರವಾನಿಸುವ ಸಂಕೇತದ ಸುಳಿವನ್ನೂ ನೀಡತೊಡಗಿತು. ಗ್ರಾಹಕವಿದ್ದ ಮೇಲೆ ಮಿದುಳು ತನ್ನೊಳಗೇ ಅಫೀಮುಸದೃಶವಾದ ದ್ರವ್ಯವನ್ನು ಉತ್ಪಾದಿಸುತ್ತಿರಬೇಕೆಂಬ ಶಂಕೆಯನ್ನು, ಅಬರ್ಡೀನಿನ ಹ್ಯೂಸ್ ಮತ್ತು ಕಾಸ್ಟರ್ಲಿಟ್ಜ್ 1975ರಲ್ಲಿ ಎನ್‌ಕೆಫಾಲಿನ್‌ಗಳನ್ನು ಗುರುತಿಸಿ ನಿಜಗೊಳಿಸಿದರು.